ಕರೆಂಟ್ ಬಿಲ್ ಕಡಿಮೆ ಇದ್ದ ಲಾಡ್ಜು

ಸಾಲದ ಮಾತನ್ನು ಮೊದಲು ಎತ್ತಿದ್ದು ನಾನೋ ಚಿಕ್ಕಮ್ಮನೋ ಎಂಬುದೇ ಈಗ ನನಗೆ ಖಚಿತವಿಲ್ಲ. ನನ್ನ ನೆನಪಿನ ಪ್ರಕಾರ ಅದು ಸಾರಕ್ಕಿಯ ನಮ್ಮ ಮನೆಯಲ್ಲಿ, ಒಂದು ಭಾನುವಾರ ಊಟವಾದ ಮೇಲೆ. ಚಿಕ್ಕಮ್ಮ ಎಲೆಗೆ ಸುಣ್ಣ ಸವರುತ್ತಾ, "ನಿಮ್ಮಾಫೀಸಲ್ಲಿ ಕರೆಂಟ್ ಉಳಿಸೋ ಬಿಲ್ಡಿಂಗಿಗೆ ಸಾಲ ಕೊಡಿಸ್ತಾರಂತಲ್ಲೇ?" ಎಂದು ಕೇಳಿದಳು. ಚಿಕ್ಕಮ್ಮ ಹೇಳುವುದು ಬೇರೆ. ನಾನೇ ಅರೆಕೆರೆಗೆ ಹೋಗಿ, ಅವಳ ಲಾಡ್ಜಿನ ತಾರಸಿಯ ಮೇಲೆ ನಿಂತು, ಇಷ್ಟು ಬಿಸಿಲು ಬೀಳೋ ಜಾಗಕ್ಕೆ ಬ್ಯಾಂಕಿನವರು ಕರೆದು ಸಾಲ ಕೊಡ್ತಾರೆ ಎಂದೆನಂತೆ. "ತಲೆಗೆ ಹುಳ ಬಿಟ್ಟೋಳು ನೀನೇ ಕಣೆ, ಈಗ ಇಲ್ಲ ಅಂದ್ರೆ?" ಎನ್ನುತ್ತಾಳೆ. ಕಾಲೇಜಿನ ದಿನಗಳಿಂದಲೂ ನಾನು ದಿನಚರಿ ಬರೆಯುತ್ತಿದ್ದೇನೆ. ತೆಗೆದು ನೋಡಿದರೆ ಆ ವಾರವಿಡೀ ನನ್ನ ಹಲ್ಲುನೋವಿನ ವಿಷಯ ಮಾತ್ರ ಇದೆ. ಹಾಗಾಗಿ ಕೆಳಗೆ ಬರೆಯುವುದರಲ್ಲಿ ಕೆಲವು ಮಾತುಗಳು ಹಿಂದುಮುಂದಾಗಿರಬಹುದು, ಒಬ್ಬರು ಆಡಿದ್ದು ಇನ್ನೊಬ್ಬರ ಬಾಯಿಗೆ ಹೋಗಿರಬಹುದು.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಅವಳ ಅತ್ತೆಮನೆಯವರು ಅರೆಕೆರೆಯಲ್ಲಿ ಸೊಪ್ಪು, ಬದನೆ ಬೆಳೆಯುತ್ತಿದ್ದವರು. ಜಮೀನು ಸೈಟುಗಳಾದ ಮೇಲೆ ಉಳಿದ ತುಂಡಿನಲ್ಲಿ ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟರು. ಬನ್ನೇರುಘಟ್ಟ ರಸ್ತೆಯುದ್ದಕ್ಕೂ ದೊಡ್ಡ ಆಸ್ಪತ್ರೆಗಳು ಬಂದವು. ರೋಗಿಗಳ ಜೊತೆ ಬಂದವರಿಗೆ ಉಳಿಯಲು ಜಾಗ ಬೇಕಾಯಿತು. ಚಿಕ್ಕಪ್ಪ ಮನೆಗಳೊಳಗೆ ಗೋಡೆ ಎಬ್ಬಿಸಿ, ರೂಮು ಮಾಡಿ, ಲಾಡ್ಜ್ ಎಂದು ಬೋರ್ಡು ಹಾಕಿದರು. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮನೇ ನಡೆಸುತ್ತಿದ್ದಾಳೆ. ಅಸ್ಸಾಂ, ತ್ರಿಪುರ, ಬಂಗಾಳದ ಸಂಸಾರಗಳೇ ಹೆಚ್ಚು. ನಮ್ಮ ಆಫೀಸಿನ ಕಾಗದಗಳಲ್ಲಿ ಇದಕ್ಕೆ ವೈದ್ಯಕೀಯ ಪ್ರವಾಸೋದ್ಯಮ ಎಂದು ಹೆಸರು. ಒಂದು ವಾರಕ್ಕೆಂದು ಬಂದವರು ಮೂರು ತಿಂಗಳು ಉಳಿಯುತ್ತಾರೆ, ಮೊದಲ ಮಹಡಿಯ ಸಾಮೂಹಿಕ ಅಡುಗೆಮನೆಯಲ್ಲಿ ಸಾಸಿವೆ ಎಣ್ಣೆಯಲ್ಲಿ ಮೀನು ಹುರಿಯುತ್ತಾರೆ, ಮಧ್ಯಾಹ್ನ ಸ್ಟೀಲ್ ಡಬ್ಬಿ ಹಿಡಿದು ಆಸ್ಪತ್ರೆಗೆ ನಡೆದು ಹೋಗುತ್ತಾರೆ.

ಕಟ್ಟಡ ಚಿಕ್ಕಮ್ಮನಿಗೂ ಅವಳ ಮೈದುನನಿಗೂ ಜಂಟಿ. ಹುಳಿಮಾವಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಆತ ಕೆಟ್ಟವನಲ್ಲ, ಲೆಕ್ಕದ ಮನುಷ್ಯ. ಊರೂರಲ್ಲಿ ಲಾಡ್ಜ್ ನಡೆಸುವ ಒಂದು ಕಂಪನಿಯವರು ಕಟ್ಟಡವನ್ನು ಲೀಸಿಗೆ ಕೇಳಿಕೊಂಡು ಬಂದಿದ್ದರು. ವೈರಿಂಗು ಹಳೆಯದು, ತಾರಸಿ ಸೋರುತ್ತದೆ, ರಿಪೇರಿಗೆ ಇಬ್ಬರ ಕೈಯಲ್ಲೂ ದುಡ್ಡಿಲ್ಲ. ಯುಗಾದಿಯೊಳಗೆ ರಿಪೇರಿಗೆ ದಾರಿ ಮಾಡಿದರೆ ಅತ್ತಿಗೆಯೇ ನಡೆಸಲಿ, ಇಲ್ಲದಿದ್ದರೆ ಲೀಸಿಗೆ ಕೊಡೋಣ ಎಂದ. ನ್ಯಾಯವಾದ ಮಾತೇ. ಲೀಸಿಗೆ ಹೋದರೆ ಚಿಕ್ಕಮ್ಮನಿಗೆ ತಿಂಗಳಿಗೊಮ್ಮೆ ದುಡ್ಡು ಬರುತ್ತದೆ, ಕೆಳಗಿನ ಮನೆಯಲ್ಲಿ ಆರಾಮಾಗಿ ಇರಬಹುದು. ಅವಳಿಗೆ ಆ ಆರಾಮೇ ಬೇಡ. "ಬೆಳಗೆದ್ದು ನಾನೇನ್ ಮಾಡ್ಲಿ? ಸೀರಿಯಲ್ ನೋಡ್ಲಾ? ನನ್ ಮೆಟ್ಲು ನಾನ್ ಹತ್ತೋಕೆ ಅವ್ರನ್ನ ಕೇಳ್ಬೇಕಾಗುತ್ತೆ" ಎನ್ನುತ್ತಿದ್ದಳು.

ನಾನು ಜಯನಗರದ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಕಟ್ಟಡವೊಂದು ಎಷ್ಟು ವಿದ್ಯುತ್ ತಿನ್ನುತ್ತದೆ, ಏನು ಬದಲಿಸಿದರೆ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿಕೊಡುವುದು ನಮ್ಮ ಕಸುಬು. ಹಳೆಯ ಲಾಡ್ಜಿನ ರಿಪೇರಿಗೆಂದರೆ ಬ್ಯಾಂಕಿನವರು ಮುಖ ಕೊಟ್ಟು ಮಾತಾಡುವುದಿಲ್ಲ. ಆದರೆ ವಿದ್ಯುತ್ ಬಳಕೆ ತಗ್ಗಿಸುವ ಹೋಟೆಲುಗಳಿಗೆ ಕಡಿಮೆ ಬಡ್ಡಿಯ ಹಸಿರು ಸಾಲ ಎಂಬುದೊಂದಿದೆ. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಹೆಂಚನ್ನು ತಾರಸಿಗೆ ಹಾಸಬಹುದು, ಕಿಟಕಿಗೆ ನೆರಳು ಕಟ್ಟಬಹುದು, ವೈರಿಂಗು, ಫ್ಯಾನು ಬದಲಿಸಬಹುದು, ಸೋಲಾರ್ ಹಾಕಬಹುದು. ಹೇಗೂ ಬೇಕಿದ್ದ ರಿಪೇರಿಯೆಲ್ಲ ಅದರೊಳಗೇ ಬಂದುಬಿಡುತ್ತದೆ. ಷರತ್ತು ಒಂದೇ: ಹಿಂದಿನ ಬಿಲ್ಲುಗಳನ್ನು ನೋಡಿ, ಕೆಲಸವಾದ ಮೇಲೆ ಬಳಕೆ ಇಷ್ಟು ಪಾಲು ಇಳಿಯುತ್ತದೆ ಎಂದು ತೋರಿಸಬೇಕು. ನೆಂಟರ ಕಟ್ಟಡವಾದ್ದರಿಂದ ಲೆಕ್ಕ ನಾನು ಮಾಡುವುದು, ಪರಿಶೀಲಿಸಿ ಸಹಿ ಹಾಕುವುದು ಆಫೀಸಿನ ಇನ್ನೊಬ್ಬರು ಎಂದು ಮಾತಾಯಿತು.

ಅಳತೆಗೆಂದು ನಾನು ಅರೆಕೆರೆಗೆ ಹೋದೆ. ಅಷ್ಟು ವರ್ಷದಿಂದ ಬಂದು ಹೋಗುತ್ತಿದ್ದ ಜಾಗವನ್ನು ಮೊದಲ ಸಲ ಕೆಲಸದ ಕಣ್ಣಿನಿಂದ ನೋಡಿದ್ದು ಆಗಲೇ ಇರಬೇಕು. ನಾಲ್ಕು ರೂಮುಗಳಲ್ಲಿ ಎಸಿ ಇತ್ತು. ಅವುಗಳ ರಿಮೋಟುಗಳು ಮಾತ್ರ ಕೆಳಗಿನ ಮೇಜಿನಲ್ಲಿ, ಹಳೆಯ ಬಿಸ್ಕತ್ತಿನ ಡಬ್ಬಿಯೊಳಗೆ ಚಿಕ್ಕಮ್ಮನ ಹತ್ತಿರ ಇರುತ್ತಿದ್ದವು. ಬೇಕಾದವರು ಬಂದು ಕೇಳಬೇಕು. ನಾನು ಅಲ್ಲಿ ಕೂತಿದ್ದಾಗಲೇ ಒಬ್ಬಾತ ಬಂದು, "ಆಂಟಿ, ಎಸಿ ಕಾ ರಿಮೋಟ್" ಎಂದ.

"ಖಿಡಕಿ ಖೋಲೋ ಭೈಯಾ," ಎಂದಳು ಚಿಕ್ಕಮ್ಮ, "ಮಸ್ತ್ ಗಾಳಿ ಆತಾ ಹೈ."

ಆತ ನಕ್ಕು ವಾಪಸು ಹೋದ. ಕಿಟಕಿ ತೆಗೆದನೋ ಇಲ್ಲವೋ ಗೊತ್ತಿಲ್ಲ.

ಬಿಸಿನೀರಿಗೆ ಗೀಸರ್ ಇರಲೇ ಇಲ್ಲ. ತಾರಸಿಯ ಮೇಲೆ ತಾಮ್ರದ ಒಂದು ದೊಡ್ಡ ಬಾಯ್ಲರು. ಅದಕ್ಕೆ ಉರುವಲು ಎಳನೀರಿನ ಬುರುಡೆ. ಹುಳಿಮಾವಿನ ಹತ್ತಿರ ಎಳನೀರು ಮಾರುವವರು ಸಂಜೆ ಬುರುಡೆಗಳನ್ನು ಎಲ್ಲಿ ಸುರಿಯುವುದೆಂದು ತಿಳಿಯದೆ ಪರದಾಡುತ್ತಾರೆ. ಚಿಕ್ಕಮ್ಮ ಅವರಿಗೆ ಲಾಡ್ಜಿನ ವಿಳಾಸ ಕೊಟ್ಟಿದ್ದಳು. ತಾರಸಿಯ ಅರ್ಧ ಭಾಗದಲ್ಲಿ ಸೀಳಿದ ಬುರುಡೆಗಳು ಒಣಗುತ್ತಾ ಬಿದ್ದಿರುತ್ತಿದ್ದವು. ನಾನು ಸೋಲಾರ್ ಫಲಕಗಳಿಗೆ ಗುರುತು ಹಾಕಿಕೊಂಡಿದ್ದು ಸರಿಯಾಗಿ ಆ ಜಾಗಕ್ಕೇ. ಬೆಳಗಿನ ಹೊತ್ತು ಬಾಯ್ಲರಿಗೆ ಬೆಂಕಿ ಹಾಕಿದರೆ ಹೊಗೆ ಮೇಲಿನ ಮಹಡಿಯ ಕಿಟಕಿಗಳ ಮುಂದೆಯೇ ಇಳಿಯುತ್ತಿತ್ತು. ಅಲ್ಲಿದ್ದವರಲ್ಲಿ ಎದೆಯ ಚಿಕಿತ್ಸೆಗೆ ಬಂದವರೂ ಇದ್ದರು. ಚಿಕ್ಕಮ್ಮನಿಗೂ ಕೆಮ್ಮು ಇತ್ತು. ಅದಕ್ಕೆ ಅವಳು ಮೆಟ್ರೋ ಕೆಲಸದ ಧೂಳನ್ನು ಬೈಯುತ್ತಿದ್ದಳು.

ಹಿಂದಿನ ಬಿಲ್ಲುಗಳಲ್ಲದೆ, ಬ್ಯಾಂಕಿನವರು ಮೂರು ತಿಂಗಳು ಮೀಟರಿನ ಅಳತೆಯನ್ನೂ ಕೇಳಿದ್ದರು. ಎಂದಿನಂತೆ ನಡೆಯುವ ಲಾಡ್ಜಿನ ಬಳಕೆ ಎಷ್ಟು ಎಂದು ತಿಳಿಯುವುದಕ್ಕೆ. ನಾನು ಮೀಟರಿಗೆ ಒಂದು ಸಣ್ಣ ಯಂತ್ರ ಸಿಕ್ಕಿಸಿ, "ಚಿಕ್ಕಮ್ಮ, ಇನ್ ಮೇಲೆ ಬ್ಯಾಂಕಿನೋರು ಕರೆಂಟ್ ನೋಡ್ತಿರ್ತಾರೆ" ಎಂದು ಹೇಳಿ ಬಂದೆ. ಎಂದಿನಂತೆಯೇ ಇರು ಎಂದು ಹೇಳಿದೆನೇ? ಹೇಳಿದ್ದೇನೆ ಎಂದುಕೊಂಡಿದ್ದೇನೆ. ಹೇಳಿದ್ದರೂ ಅವಳ ಕಿವಿಗೆ ಬಿದ್ದದ್ದು ಬ್ಯಾಂಕಿನವರು ನೋಡುತ್ತಾರೆ ಎಂಬುದು ಮಾತ್ರ.

ಮೂರು ತಿಂಗಳ ಮೇಲೆ ಅಂಕಿಗಳನ್ನು ತೆರೆದಾಗ ಯಂತ್ರ ಕೆಟ್ಟಿದೆ ಎಂದುಕೊಂಡೆ. ಮೊದಲೇ ಕಡಿಮೆಯಿದ್ದ ಬಳಕೆ ಇನ್ನೂ ಇಳಿದಿತ್ತು. ಹೋಗಿ ನೋಡಿದರೆ ಪಡಸಾಲೆಗಳಲ್ಲಿ ಒಂದು ಬಿಟ್ಟು ಒಂದು ಬಲ್ಬು ಇರಲಿಲ್ಲ. ನೀರೆತ್ತುವ ಪಂಪು ದಿನಕ್ಕೊಮ್ಮೆ ಮಾತ್ರ. ಅತಿಥಿಗಳ ಬಟ್ಟೆ ಒಗೆಯುವ ಮೆಷಿನ್ನಿಗೆ ಸೀರೆ ಮುಚ್ಚಿತ್ತು. ರಿಮೋಟಿನ ಡಬ್ಬಿ ಮೇಜಿನಿಂದ ಮನೆಯೊಳಗಿನ ಬೀರುವಿಗೆ ಹೋಗಿತ್ತು.

"ಯಾಕೆ ಚಿಕ್ಕಮ್ಮ ಹೀಗೆ?"

"ಸಾಲ ಕೊಡೋರು ನೋಡ್ತಾವ್ರೆ ಅಂದ್ಯಲ್ಲೇ. ದುಂದು ಮಾಡೋರಿಗೆ ಯಾರ್ ಕೊಡ್ತಾರೆ? ನಮ್ಮತ್ತೆ ಹೆಣ್ ನೋಡೋಕ್ ಬಂದಾಗ್ಲೂ ಮೊದ್ಲು ನಮ್ಮನೆ ಸೌದೆ ಒಲೆ ಬಗ್ಗಿ ನೋಡಿದ್ರು. ಎಷ್ಟ್ ಸೌದೆ ತುರುಕಿದ್ದೀವಿ ಅಂತ."

ನನಗೆ ನಗಬೇಕೋ ಕೂತು ಅಳಬೇಕೋ ತಿಳಿಯಲಿಲ್ಲ. ಸಾಲ ಸಿಗುವುದು ಈಗಿನದಕ್ಕೂ ಮುಂದಿನದಕ್ಕೂ ಇರುವ ಅಂತರದ ಮೇಲೆ. ಆ ಅಂತರವನ್ನು ಅವಳು ಮೂರು ತಿಂಗಳು ಕಷ್ಟಪಟ್ಟು ಅಳಿಸಿಹಾಕಿದ್ದಳು. ಬಾಯ್ಲರು ತೆಗೆದು, ಕಡಿಮೆ ವಿದ್ಯುತ್ತಿನಲ್ಲಿ ನೀರು ಕಾಯಿಸುವ ಹೊಸ ಬಗೆಯ ಪಂಪು ಹಾಕಿದರೂ ಬಿಲ್ಲು ಏರುವುದೇ ಹೊರತು ಇಳಿಯುವುದಿಲ್ಲ. ತಾರಸಿಯಲ್ಲಿ ಬೆಂಕಿ ಇರುವ ಹೋಟೆಲಿಗೆ ಸಾಲವಿಲ್ಲ ಎಂದು ನಿಯಮ ಬೇರೆ.

ಬ್ಯಾಂಕಿನಿಂದ ಕಟ್ಟಡ ನೋಡಲು ಬಂದ ಅಧಿಕಾರಿ ನನ್ನ ವಯಸ್ಸಿನ ಹೆಂಗಸು. ಮೊಣಕಾಲು ನೋವಿದ್ದರೂ ಮೂರು ಮಹಡಿ ಹತ್ತಿದರು. ಅಂದು ಹೊಗೆ ಇತ್ತು ಎಂದು ನನ್ನ ನೆನಪು. ಅವರು ಬರುತ್ತಾರೆಂದು ಬೆಂಕಿಯನ್ನೇ ಹಾಕಿರಲಿಲ್ಲ ಎಂದು ಚಿಕ್ಕಮ್ಮ. ಕೆಳಗೆ ಬಂದು ಕಾಫಿ ಕುಡಿಯುತ್ತಾ ಅವರು ಬಿಲ್ಲುಗಳನ್ನು ತಿರುವಿ ಹಾಕಿದರು.

"ಆಂಟಿ, ಇದು ಪೂರ್ತಿ ಬಿಲ್ಡಿಂಗಿಂದೇನಾ? ನಮ್ ಫ್ಲಾಟಿಗೇ ಇದರ ಅರ್ಧ ಬರುತ್ತೆ."

ಚಿಕ್ಕಮ್ಮನ ಮುಖ ಅರಳಿತು. "ಹೂಂ ಮತ್ತೆ. ಸುಮ್ ಸುಮ್ನೆ ಉರಿಸೋಕೆ ನಾನ್ ಬಿಡಲ್ಲ."

"ಉಳಿಸೋಕೆ ಏನಾದ್ರೂ ಇರ್ಬೇಕಲ್ವಾ ಆಂಟಿ?"

"ಉಳಿಸಿದ್ದೀನಲ್ಲಮ್ಮ ಆಗ್ಲೇ."

"ಅದೇ ಪ್ರಾಬ್ಲಮ್ಮು."

ಚಿಕ್ಕಮ್ಮ ನನ್ನ ಕಡೆ ನೋಡಿದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಧಿಕಾರಿ ಹೊರಟ ಮೇಲೆ, "ಅಂದ್ರೆ ಎಲ್ಲಾ ಲೈಟು ಹಾಕ್ಕೊಂಡು ಬಿದ್ದಿರೋರಿಗೆ ಕಡಿಮೆ ಬಡ್ಡಿ, ನನಗಿಲ್ಲ, ಅಲ್ವಾ?" ಎಂದು ಕೇಳಿದಳು. ಹಾಗಲ್ಲ ಎಂದು ವಿವರಿಸಲು ಹೋದೆ. ವಿವರಿಸುತ್ತಾ ಹೋದಂತೆ ಅದು ಹೆಚ್ಚುಕಡಿಮೆ ಹಾಗೆಯೇ ಎಂದು ನನಗೂ ಅನ್ನಿಸಿತು.

ಸುದ್ದಿ ತಿಳಿದು ಮರುದಿನವೋ ಆಮೇಲೋ ಮಧ್ಯಾಹ್ನ ಮೈದುನ ಅಂಗಡಿಯಿಂದ ಬಂದ. ಲೀಸು ಬೇಕಿದ್ದರೂ ಅತ್ತಿಗೆ ಸೋಲುವುದನ್ನು ನೋಡಬೇಕೆಂಬ ಆಸೆ ಅವನಿಗಿರಲಿಲ್ಲ.

"ತುಂಬಾ ಸಿಂಪಲ್ಲು ಅತ್ಗೆ. ಇನ್ನೊಂದ್ಸಲ ಅಳತೆ ಮಾಡ್ಸಿ. ಎರಡ್ ಮೂರ್ ತಿಂಗ್ಳು ಎಲ್ಲಾ ಎಸಿ ಓಡ್ತಾ ಇರ್ಲಿ, ಲೈಟ್ ಉರೀತಾ ಇರ್ಲಿ. ಬಿಲ್ಲು ಏರುತ್ತೆ. ಆಮೇಲೆ ಆಫ್ ಮಾಡಿ ಉಳಿಸಿದ್ವಿ ಅಂತ ತೋರ್ಸಿ. ಎಲ್ರೂ ಅದೇ ಮಾಡೋದು. ಅಲ್ವೇನಮ್ಮ?"

ಕೊನೆಯ ಪ್ರಶ್ನೆ ನನಗೆ. ಹಾಗೆ ಮಾಡಿದರೆ ನಾನು ಲೆಕ್ಕ ಬರೆಯುವುದಿಲ್ಲ ಎಂದು ಅಂದೇ ಹೇಳಿದೆ ಎಂದು ಬರೆಯಲು ಇಷ್ಟ. ಆದರೆ ಅವನು ಬೀರುವಿನಿಂದ ರಿಮೋಟಿನ ಡಬ್ಬಿ ತೆಗೆಸಿಕೊಂಡು ಮೇಲೆ ಹೋಗುವಾಗ ನಾನು ಕುರ್ಚಿಯಿಂದ ಎದ್ದ ನೆನಪಿಲ್ಲ. ಎಸಿ ಇದ್ದ ರೂಮುಗಳಲ್ಲಿ ಎರಡು ಅಂದು ಖಾಲಿ ಇದ್ದವು. ಸ್ವಲ್ಪ ಹೊತ್ತಿಗೆ ಹಿತ್ತಲ ಗೋಡೆಯ ಮೇಲಿದ್ದ ಎಸಿಯ ಹೊರಪೆಟ್ಟಿಗೆಗಳು ಗುರ್ರೆಂದವು. ಚಿಕ್ಕಮ್ಮ ಮೇಜಿನ ಮೇಲೆ ಕೈಯಿಟ್ಟು ಕೂತಿದ್ದಳು. ಸೆರಗು ಸರಿಮಾಡಿಕೊಂಡಳು. ನೀರು ಕುಡಿದಳು. ಆಮೇಲೆ ಎದ್ದು ಮೆಟ್ಟಿಲು ಹತ್ತಿದಳು.

"ಖಾಲಿ ರೂಮ್ ತಣ್ಣಗ್ ಮಾಡಿ ಯಾರಿಗೋ ನೈವೇದ್ಯ ಇಡೋದು?" ಎಂದು ಅವಳ ದನಿ ಮೇಲಿನಿಂದ ಕೇಳಿಸಿತು. ಪೆಟ್ಟಿಗೆಗಳು ಒಂದೊಂದಾಗಿ ಸುಮ್ಮನಾದವು.

"ನಿಮ್ ಕೈಲಿ ಒಂದ್ ಸುಳ್ಳೂ ನೆಟ್ಟಗೆ ಆಗಲ್ಲ ಅತ್ಗೆ, ಲಾಡ್ಜ್ ನಡೆಸ್ತಾರಂತೆ" ಎಂದ ಮೈದುನ, ಅವಳ ಹಿಂದೆ ಇಳಿಯುತ್ತಾ.

"ಸುಳ್ ಹೇಳ್ಬಾರ್ದು ಅಂತಲ್ಲ ಕಣೋ. ಅದ್ ಓಡ್ತಿದ್ರೆ ಹೊಟ್ಟೆ ಉರಿಯುತ್ತೆ ನನಗೆ. ಆಗಲ್ಲ."

ಆತ ನಕ್ಕ. ನಾನೂ ನಕ್ಕೆ. ಯುಗಾದಿಗೆ ಇನ್ನೂ ಸಮಯವಿತ್ತು, ಆದರೆ ಲೀಸಿನ ಕಂಪನಿಯವರು ಮತ್ತೊಮ್ಮೆ ಫೋನು ಮಾಡಿದ್ದರು ಎಂದು ಅವನು ಹೋಗುವಾಗ ಹೇಳಿ ಹೋದ.

ದಾರಿ ತೋರಿಸಿದ್ದು ಬ್ಯಾಂಕಿನ ಅಧಿಕಾರಿಯೇ. ಒಂದು ದಿನ ನನ್ನ ಆಫೀಸಿಗೆ ಫೋನು ಮಾಡಿ, ತಾರಸಿ, ಕಿಟಕಿ, ವೈರಿಂಗು, ಬಿಸಿನೀರು ಎಲ್ಲವೂ ಬದಲಾಗುವುದಾದರೆ ಅದನ್ನು ಹೊಸ ಕಟ್ಟಡದಂತೆಯೇ ಪರಿಗಣಿಸಬಹುದು ಎಂದರು. ಹೊಸ ಕಟ್ಟಡಕ್ಕೆ ಹಳೆಯ ಬಿಲ್ಲು ಇರುವುದಿಲ್ಲ. ಹಾಗಾಗಿ ಅದನ್ನು ಒಂದು ಮಾದರಿ ಹೋಟೆಲಿನ ಜೊತೆ ಹೋಲಿಸುತ್ತಾರೆ. ಆ ಹೋಟೆಲು ಕಂಪ್ಯೂಟರಿನೊಳಗೆ ಮಾತ್ರ ಇರುತ್ತದೆ. ಅಳತೆ, ದಿಕ್ಕು, ರೂಮುಗಳ ಸಂಖ್ಯೆ ಎಲ್ಲ ನಮ್ಮದೇ. ತಾರಸಿ ಮಾತ್ರ ಮಾಮೂಲಿ, ರೂಮಿಗೊಂದು ಗೀಸರು, ರೂಮಿಗೊಂದು ಎಸಿ.

ನಾನು ಆ ಹೋಟೆಲನ್ನು ಕಟ್ಟಿದೆ. ಅದರ ಅತಿಥಿಗಳು ಎಷ್ಟು ಹೊತ್ತಿಗೆ ಏಳುತ್ತಾರೆ, ಎಷ್ಟು ನೀರು ಸುರಿದುಕೊಳ್ಳುತ್ತಾರೆ, ಯಾವಾಗ ಎಸಿ ಹಾಕುತ್ತಾರೆ ಎಂದು ಗಂಟೆ ಗಂಟೆಗೂ ತುಂಬಿದೆ. ನಮ್ಮ ಮನೆಯ ಒಂದು ಭಾನುವಾರವನ್ನು ನೆನಪಿಟ್ಟುಕೊಳ್ಳಲಾಗದ ನಾನು, ಇಲ್ಲದ ಜನರ ದಿನಚರಿಯನ್ನು ಅನುಮಾನವಿಲ್ಲದೆ ಬರೆದೆ. ಆ ಹೋಟೆಲಿನ ಎದುರು ಚಿಕ್ಕಮ್ಮನ ಹೊಸ ಲಾಡ್ಜು ಧಾರಾಳವಾಗಿ ಉಳಿಸುತ್ತಿತ್ತು. ಲೆಕ್ಕ ಸರಿಯಾಗಿದೆ ಎಂದು ನನ್ನ ಸಹೋದ್ಯೋಗಿ ಸಹಿ ಹಾಕಿದರು. ಅದರಲ್ಲಿ ಸುಳ್ಳಿಲ್ಲ, ಇದನ್ನು ನಾನು ನನಗೇ ಹಲವು ಸಲ ಹೇಳಿಕೊಂಡಿದ್ದೇನೆ.

ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಚಿಕ್ಕಮ್ಮನಿಗೆ ತೋರಿಸಿದೆ.

"ಇದ್ಯಾರ ಲಾಡ್ಜೇ?"

"ನಿಂದೇ. ಬೇರೆ ಯಾರಾದ್ರೂ ನಡೆಸಿದ್ರೆ ಹೆಂಗಿರುತ್ತೋ ಹಂಗೆ."

"ಎಲ್ಲಾ ರೂಮಲ್ಲೂ ಗೀಸರ್ರಾ? ಥೂ, ಮನೆ ಹಾಳಾಗ." ಸ್ವಲ್ಪ ಬಗ್ಗಿ ನೋಡಿ, "ಪಾಪ, ಅವ್ಳಿಗೆ ಬಿಲ್ಲೆಷ್ಟು ಬರುತ್ತೆ?" ಎಂದು ಕೇಳಿದಳು.

ಹೊಸ ವ್ಯವಸ್ಥೆಯ ಷರತ್ತುಗಳನ್ನು ಹೇಳಿದೆ. ರಿಮೋಟುಗಳು ರೂಮಿನಲ್ಲೇ ಇರಬೇಕು. ಬಿಸಿನೀರು ಯಾವ ಹೊತ್ತಿಗೂ ಬರಬೇಕು. ಬಾಯ್ಲರು ಹೋಗಬೇಕು. ರಿಮೋಟಿಗೆ ಅವಳು ಗೊಣಗಿದಳು. ಬಾಯ್ಲರಿಗೆ ಮಾತ್ರ ಗೊಣಗಲಿಲ್ಲ. "ಬೂದಿ ಬಳಿದೂ ಬಳಿದೂ ಸಾಕಾಗಿದೆ ಕಣೆ. ಅದ್ ಹೋದ್ ದಿನ ಪಾಯಸ ಮಾಡ್ತೀನಿ" ಎಂದಳು. ಅವಳಿಗೆ ಬೇಜಾರಾಯಿತು ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ. ಆ ಮಾತಿನಲ್ಲಿ ಬೇಜಾರು ಎಲ್ಲಿದೆ ಎಂದು ಈಗ ಹುಡುಕಿದರೆ ಸಿಗುವುದಿಲ್ಲ. ಬಹುಶಃ ಬೇಜಾರಾಗಿದ್ದು ನನಗೇ.

ಸಾಲ ಹೆಚ್ಚುಕಡಿಮೆ ಮಂಜೂರಾದಂತೆಯೇ ಎಂದು ಅಧಿಕಾರಿ ಹೇಳಿದರು. ಒಂದು ಅಂಕಿ ಮಾತ್ರ ಬಾಕಿ. ಕೆಲಸವಾದ ಮೇಲೆ ರೂಮಿನ ಬಾಡಿಗೆ ಎಷ್ಟು? ಈಗ ಬರುವ ಬಾಡಿಗೆಯಲ್ಲಿ ಸಾಲದ ಕಂತು ಹುಟ್ಟುವುದಿಲ್ಲ. ಅಕ್ಕಪಕ್ಕದ ಹೋಟೆಲುಗಳ ಬಾಡಿಗೆಯನ್ನು ಬರೆದರೆ ಧಾರಾಳವಾಗಿ ಹುಟ್ಟುತ್ತದೆ. "ಅಷ್ಟು ಸೌಕರ್ಯ ಕೊಟ್ಮೇಲೆ ಬಾಡಿಗೆ ಜಾಸ್ತಿ ಮಾಡ್ಲೇಬೇಕಲ್ವಾ ಮೇಡಂ? ಅದೊಂದು ತುಂಬಿ ಕಳ್ಸಿಬಿಡಿ" ಎಂದರು.

ತೊಂದರೆ ಏನೆಂದರೆ ಚಿಕ್ಕಮ್ಮನ ಲಾಡ್ಜಿನಲ್ಲಿ ರೂಮಿಗೆ ಒಂದೇ ಬಾಡಿಗೆ ಎಂಬುದಿಲ್ಲ. ಎರಡು ದಿನಕ್ಕೆ ಬಂದವರಿಗೆ ಒಂದು. ತಿಂಗಳು ಉಳಿಯುವವರಿಗೆ, ಯಾರಿಗೆ ಕಾಯಿಲೆ, ಏನು ಕಾಯಿಲೆ, ಊರಲ್ಲಿ ಮಕ್ಕಳನ್ನು ಯಾರ ಹತ್ತಿರ ಬಿಟ್ಟಿದ್ದೀರಿ ಎಂದು ಕೇಳಿ ಅವಳು ಬಾಯಲ್ಲಿ ಹೇಳಿದ್ದು. ಆ ಮನೆಯವರು ಎಷ್ಟು ದಿನ ಇದ್ದಾರೋ ಅಷ್ಟು ದಿನವೂ ಅದೇ. ನನ್ನ ಕೋಷ್ಟಕದಲ್ಲಿ ಅದಕ್ಕಿದ್ದದ್ದು ಒಂದೇ ಖಾನೆ.

ಅದನ್ನು ತುಂಬಿಸಿಕೊಳ್ಳಲೆಂದು ಕಳೆದ ವಾರ ಅರೆಕೆರೆಗೆ ಹೋದೆ. ಯುಗಾದಿ ಹತ್ತಿರ ಬಂದಿದೆ. ದಾರಿಯಲ್ಲಿ ಬೇವಿನ ಮರಗಳು ಹೂ ಬಿಟ್ಟಿದ್ದವು. ಮೇಜಿನ ಮುಂದೆ ಅಸ್ಸಾಮಿನ ಒಬ್ಬ ಹೆಂಗಸು ಚೀಲ ಕಟ್ಟಿಕೊಂಡು ನಿಂತಿದ್ದಳು. ಗಂಡನ ಚಿಕಿತ್ಸೆಗೆಂದು ಬಂದು ಮಳೆಗಾಲದಿಂದ ಇಲ್ಲೇ ಇದ್ದವಳು. ಅಷ್ಟರಲ್ಲಿ ಅವಳಿಗೆ ಒಂದಿಷ್ಟು ಕನ್ನಡ ಬಂದಿತ್ತು. ಗಂಡ ಹೊರಗೆ ಆಟೋದಲ್ಲಿ, ಕಿವಿಯವರೆಗೆ ಮಫ್ಲರ್ ಸುತ್ತಿಕೊಂಡು ಕೂತಿದ್ದ.

"ಅಮ್ಮ, ಆರು ತಿಂಗಳು ಮೇಲೆ ಡಾಕ್ಟರ್ ಮತ್ತೆ ಬಾ ಹೇಳಿದೆ. ಇದೇ ರೂಮ್ ಕೊಡ್ತೀರಾ?"

"ಕೊಡದೆ ಏನ್ ಮಾಡ್ಲಿ? ಬಾ. ಫೋನ್ ಮಾಡ್ಬಿಟ್ಟು ಬಾ. ಅಷ್ಟೊತ್ತಿಗೆ ನಲ್ಲಿ ತಿರುಗಿಸಿದ್ರೆ ಬಿಸಿನೀರು ಬರುತ್ತೆ, ನೋಡ್ತಿರು. ಬಕೆಟ್ ಹೊರೋದೇ ಬೇಡ."

"ಬಾಡಿಗೆ ಇದೇನಾ ಅಮ್ಮ?"

"ಹೋಗು, ಹೋಗು. ಟ್ರೈನು ಹೊರಟೋಗುತ್ತೆ. ಪಾಪ, ಅವ್ರು ಆಗ್ಲಿಂದ ಕೂತವ್ರೆ."

ಆ ಹೆಂಗಸು ಚಿಕ್ಕಮ್ಮನ ಕಾಲು ಮುಟ್ಟಿದಳು. ಚಿಕ್ಕಮ್ಮ ಬೇಡ ಬೇಡ ಎನ್ನುತ್ತಾ ಅವಳ ಕೈಗೆ ಒಂದು ಪೊಟ್ಟಣ ತುರುಕಿದಳು; ಚಕ್ಕುಲಿ ಇರಬೇಕು. ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಗೇಟಿನ ಹತ್ತಿರ ನಿಂತಿದ್ದು, ಒಳಗೆ ಬಂದು, ಅವರು ಬಿಟ್ಟ ರೂಮಿನ ಹಾಸಿಗೆ ಬಟ್ಟೆ ಮಡಿಸಲು ಮೇಲೆ ಹೊರಟಳು. ನಾನೂ ಹಿಂದೆ ಹೋದೆ.

"ಚಿಕ್ಕಮ್ಮ, ಬ್ಯಾಂಕಿಗೆ ಇವತ್ತು ಕಳಿಸ್ಬೇಕು. ಒಂದೇ ಒಂದು ನಂಬರು."

ಅವಳು ದುಪ್ಪಟಿಯ ಒಂದು ಕೊನೆ ನನ್ನ ಕೈಗೆ ಕೊಟ್ಟಳು. ಇಬ್ಬರೂ ಹಿಡಿದು ಕೊಡವಿದೆವು, ಮಡಿಸಿದೆವು. ಅವಳು ಅದನ್ನು ಎದೆಗೆ ಒತ್ತಿಕೊಂಡು, ಕಿಟಕಿಯಾಚೆ ಏನನ್ನೋ ನೋಡುತ್ತಾ ನಿಂತಳು. ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ, ಎದುರು ಅಪಾರ್ಟ್‌ಮೆಂಟಿನ ಗೋಡೆಯ ಹೊರತು.

ಅಂದು ನಾನು ಕೇಳಿದ ಪ್ರಶ್ನೆಯನ್ನು ಮನೆಗೆ ಬಂದ ಕೂಡಲೇ ಬರೆದಿಟ್ಟಿದ್ದೇನೆ, ಅದರಲ್ಲಿ ತಪ್ಪಿಲ್ಲ. ಇವತ್ತಿಗೂ ಅವಳು ಉತ್ತರ ಹೇಳಿಲ್ಲ.

"ರೂಮಿಗೆ ಎಷ್ಟು ಅಂತ ಬರೀಲಿ, ಚಿಕ್ಕಮ್ಮ?"